ಕೋಣೆಗೂ ಒಂದು ದನಿಯುಂಟು



ಸಂಜೆ ಏಳರ ಹೊತ್ತಿಗೆ ಕರೆಂಟು ಹೋಗುತ್ತದೆ. ಮನೆಯವರ ಗಮನಕ್ಕೆ ಮೊದಲು ಬರುವುದು ಕತ್ತಲೆ. ಮೇಣದಬತ್ತಿ ಎಲ್ಲಿ, ಬೆಂಕಿಪೊಟ್ಟಣ ಎಲ್ಲಿ, ಮೊಬೈಲ್ ಎಲ್ಲಿ ಎಂದು ತಡಕಾಟ ಶುರುವಾಗುತ್ತದೆ. ಆದರೆ ಕತ್ತಲೆಯ ಜೊತೆಗೇ ಇನ್ನೊಂದು ಬದಲಾವಣೆಯೂ ಆಗಿರುತ್ತದೆ. ಬೆಳಗಿನಿಂದ ಗುಂಯ್‌ಗುಡುತ್ತಿದ್ದ ಫ್ರಿಜ್ಜು ಸುಮ್ಮನಾಗಿರುತ್ತದೆ. ಫ್ಯಾನಿನ ಸುಯ್ಲು ನಿಧಾನವಾಗಿ ಇಳಿದು ಇಲ್ಲವಾಗಿರುತ್ತದೆ. ಹಳೆಯ ಟ್ಯೂಬ್‌ಲೈಟಿನ ಚೋಕು ಗುನುಗುತ್ತಿತ್ತು ಎಂಬುದು ಗೊತ್ತಾಗುವುದೇ ಅದು ನಿಂತ ಮೇಲೆ. ಭಾರತದ ಮನೆಗಳಿಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಆವರ್ತದ್ದು. ಅದಕ್ಕೆ ಚೋಕು ಸೆಕೆಂಡಿಗೆ 100 ಸಲ ನಡುಗುತ್ತದೆ. ಆ ಒಂದೇ ಶ್ರುತಿಯನ್ನು ಹಿಡಿದು ಮನೆ ದಿನವೆಲ್ಲ ಗುನುಗುತ್ತಿರುತ್ತದೆ, ಮನೆಯವರಿಗೆ ಅದರ ಸುಳಿವೇ ಇರುವುದಿಲ್ಲ.

ಅದು ನಿಂತ ಕೂಡಲೇ ಉಳಿದದ್ದೆಲ್ಲ ಮೇಲೆದ್ದು ಬರುತ್ತದೆ. ಹಜಾರದ ಗಡಿಯಾರ, ಬಚ್ಚಲಿನ ನಲ್ಲಿಯಿಂದ ತೊಟ್ಟಿಕ್ಕುವ ಹನಿ, ಪಕ್ಕದ ಮನೆಯ ಬಾಣಲೆ, ನಡುಮನೆಯಿಂದ ಅಡುಗೆಮನೆಗೆ ಓಡುವ ಮಗುವಿನ ಹೆಜ್ಜೆ. ನಡುಮನೆಯಲ್ಲಿ ಒಂದು ಬಗೆಯಾಗಿ ಕೇಳುವ ಆ ಹೆಜ್ಜೆ ಅಡುಗೆಮನೆಯ ಹೊಸಿಲು ದಾಟಿದೊಡನೆ ಬೇರೆಯೇ ಆಗುತ್ತದೆ. ಕಾಲು ಅದೇ, ನಡಿಗೆಯೂ ಅದೇ. ಬದಲಾದದ್ದು ಕೋಣೆ.

ಈ ಭಾಷಣದ ವಿಷಯ ಅದೇ: ಜನರು ದಿನದ ಬಹುಪಾಲು ಕಳೆಯುವ ಒಳಜಾಗಗಳನ್ನು, ಅಂದರೆ ಮನೆ, ಶಾಲೆ, ಕಚೇರಿ, ಕಲ್ಯಾಣಮಂಟಪಗಳನ್ನು, ಕಿವಿಯಿಂದ ಗಮನಿಸುವುದು. ಮನೆ ಕಟ್ಟಿಸುವವರು ಬಣ್ಣ ನೋಡುತ್ತಾರೆ, ಟೈಲ್ಸು ನೋಡುತ್ತಾರೆ, ವಾಸ್ತು ಕೇಳುತ್ತಾರೆ. ಖಾಲಿ ಕೋಣೆಯ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ, ಈ ಕೋಣೆ ಹೇಗೆ ಮಾತಾಡುತ್ತದೆ ಎಂದು ಕೇಳುವವರು ತೀರ ಕಡಿಮೆ. ಇದೊಂದು ದೊಡ್ಡ ನಷ್ಟ. ಆ ಕೋಣೆಯಲ್ಲಿ ಮುಂದೆ ಮೂವತ್ತು ನಲವತ್ತು ವರ್ಷ ಮಾತಾಡಬೇಕಾದವರು ಅವರೇ ತಾನೆ.

ಹಾಗೆಂದು ಜನರಿಗೆ ಈ ವಿದ್ಯೆ ಗೊತ್ತಿಲ್ಲ ಎನ್ನುವಂತಿಲ್ಲ. ಬೆಳಗ್ಗೆ ನಲ್ಲಿಯ ಕೆಳಗೆ ಕೊಡಪಾನ ಇಟ್ಟು ಒಳಗೆ ಸಾರಿಗೆ ಒಗ್ಗರಣೆ ಹಾಕುತ್ತಿರುವ ಗೃಹಿಣಿಯನ್ನು ನೆನೆಯಬಹುದು. ಆಕೆ ಕೊಡವನ್ನು ನೋಡುತ್ತಿಲ್ಲ. ಆದರೂ ಕೊಡ ತುಂಬಿ ಚೆಲ್ಲುವುದಕ್ಕೆ ಒಂದು ಗಳಿಗೆ ಮುಂಚೆ ಬಂದು ನಲ್ಲಿ ನಿಲ್ಲಿಸುತ್ತಾಳೆ. ನೀರು ಏರಿದಂತೆ ಕೊಡದ ಕಂಠದ ಕೆಳಗಿನ ಗಾಳಿಯ ಕಂಬ ಗಿಡ್ಡವಾಗುತ್ತದೆ, ಗಿಡ್ಡವಾದಂತೆ ಅದರ ಶ್ರುತಿ ಏರುತ್ತದೆ. ಕೊಳಲಿನಲ್ಲಿ ನಡೆಯುವುದೂ ಇದೇ. ಯಾರೂ ಕೂರಿಸಿಕೊಂಡು ಹೇಳಿಕೊಡದ ಈ ಶ್ರುತಿಜ್ಞಾನ ಕರ್ನಾಟಕದ ಪ್ರತಿ ಮನೆಯಲ್ಲೂ ಉಂಟು. ಕೊಡದೊಳಗಿನ ಗಾಳಿಯನ್ನು ಕೇಳಬಲ್ಲ ಕಿವಿ ಕೋಣೆಯೊಳಗಿನ ಗಾಳಿಯನ್ನೂ ಕೇಳಬಲ್ಲದು.

ಕೇಳುವುದಿಲ್ಲ ಏಕೆ? ಅದಕ್ಕೊಂದು ಸೊಗಸಾದ ಕಾರಣವಿದೆ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಹತ್ತು ಅಡಿ ದೂರದ ಗೋಡೆಗೆ ಬಡಿದು ಹಿಂತಿರುಗಲು ಅದಕ್ಕೆ ಬೇಕಾಗುವುದು ಸೆಕೆಂಡಿನ ಐವತ್ತನೆಯ ಒಂದು ಪಾಲಿಗಿಂತ ಕಡಿಮೆ ಸಮಯ. ಇಷ್ಟು ಬೇಗ ಬಂದ ಮರುದನಿಯನ್ನು ಮಿದುಳು ಬೇರೆಯಾಗಿ ಎಣಿಸುವುದಿಲ್ಲ. ಮೊದಲು ಬಂದ ದನಿಯೊಳಕ್ಕೇ ಅದನ್ನು ಬೆರೆಸಿಬಿಡುತ್ತದೆ. 1949ರಲ್ಲಿ ಜರ್ಮನಿಯ ಹೆಲ್ಮುಟ್ ಹಾಸ್ ತನ್ನ ಪಿಎಚ್.ಡಿ. ಪ್ರಬಂಧದಲ್ಲಿ ಇದನ್ನು ಅಳೆದು ತೋರಿಸಿದ. ಇಂದಿಗೂ ಆ ಗುಣಕ್ಕೆ ಅವನ ಹೆಸರೇ ಇದೆ. ಮರುದನಿ ಪ್ರತ್ಯೇಕವಾಗಿ ಕೇಳಬೇಕಾದರೆ ಅದು ಸೆಕೆಂಡಿನ ಹತ್ತನೆಯ ಒಂದು ಪಾಲಾದರೂ ತಡವಾಗಿ ಬರಬೇಕು, ಎಂದರೆ ಗೋಡೆ ಸುಮಾರು 17 ಮೀಟರ್ ದೂರ ಇರಬೇಕು. ಅಷ್ಟು ದೊಡ್ಡ ನಡುಮನೆ ಯಾರಿಗಿದೆ! ಹಾಗಾಗಿ ಮನೆಯ ಕೋಣೆ ಆಡುವ ಮಾತನ್ನೆಲ್ಲ ಮಿದುಳು ಆಡಿದವನ ಖಾತೆಗೇ ಬರೆಯುತ್ತದೆ. ಕೋಣೆ ತನ್ನ ಪಾಲನ್ನು ಕೊಡುತ್ತಲೇ ಇರುತ್ತದೆ, ಹೆಸರು ಮಾತ್ರ ಸಿಗುವುದಿಲ್ಲ.

ಈ ಮರೆಯನ್ನು ಸರಿಸಲು ಸುಲಭದ ಉಪಾಯಗಳಿವೆ. ಮೊಬೈಲನ್ನು ಕೋಣೆಯ ಆ ತುದಿಯಲ್ಲಿಟ್ಟು ಈ ತುದಿಯಿಂದ ನಾಲ್ಕು ಮಾತಾಡಿ, ಮುದ್ರಿಸಿ ಕೇಳಿದರೆ ದನಿ ಬಾವಿಯೊಳಗಿಂದ ಬಂದಂತಿರುತ್ತದೆ. ಮೊಬೈಲ್ ಕೆಟ್ಟದ್ದೆಂದು ಜನ ಬೈಯುತ್ತಾರೆ. ಅದು ಇದ್ದುದನ್ನು ಇದ್ದ ಹಾಗೆ ಹೇಳಿದೆ, ಅಷ್ಟೆ. ಎರಡು ಕಿವಿ, ಅವುಗಳ ಹಿಂದೊಂದು ಮಿದುಳು ಸೇರಿ ಮಾಡುವ ಸೋಸುವ ಕೆಲಸ ಅದಕ್ಕೆ ಬರುವುದಿಲ್ಲ. ಅದೇ ಮುದ್ರಣವನ್ನು ಹಿಂದುಮುಂದಾಗಿ ನುಡಿಸಿದರೆ ಇನ್ನೂ ವಿಸ್ಮಯ: ಪ್ರತಿ ಅಕ್ಷರದ ಮುಂಚೆ ಒಂದು ಹೂಂಕಾರ ಏರುತ್ತಾ ಬರುತ್ತದೆ. ಅದೇ ಕೋಣೆಯ ದನಿ. ಮುಂದುಮುಖವಾಗಿ ಹರಿಯುವಾಗ ಅಡಗಿದ್ದದ್ದು ತಿರುಗಿಸಿದಾಗ ಸಿಕ್ಕಿಬೀಳುತ್ತದೆ.

ಬಚ್ಚಲುಮನೆಯಲ್ಲಿ ಮತ್ತೊಂದು ಪ್ರಯೋಗ. ಆರು ಅಡಿ ಅಂತರದ ಎರಡು ಬರಿಯ ಗೋಡೆಗಳ ನಡುವೆ ಸೆಕೆಂಡಿಗೆ ಸುಮಾರು 94 ಕಂಪನಗಳ ಸ್ವರ ಸರಿಯಾಗಿ ಕೂರುತ್ತದೆ. ಅದು ಗಂಡಸಿನ ಮಂದ್ರ ದನಿಗೆ ಎಟುಕುವ ಸ್ವರ. ಬಾಯಿ ಮುಚ್ಚಿ ಕೆಳಗಿನಿಂದ ನಿಧಾನವಾಗಿ ಮೇಲಕ್ಕೆ ಗುನುಗುತ್ತಾ ಹೋದರೆ, ಎಲ್ಲೋ ಒಂದು ಕಡೆ ಇಡೀ ಬಚ್ಚಲುಮನೆ ಜೊತೆಗೂಡಿ ಝೇಂಕರಿಸುತ್ತದೆ. ಇನ್ನೊಂದಿಷ್ಟು ಏರಿದರೆ ಕೈಬಿಡುತ್ತದೆ. ಬಚ್ಚಲಲ್ಲಿ ಹಾಡು ಸೊಗಸಾಗಿ ಬರುತ್ತದೆ ಎನ್ನುವ ಮಾತಿಗೆ ಇದು ಅರ್ಧ ಕಾರಣ. ಉಳಿದರ್ಧ, ಅಲ್ಲಿ ಶಬ್ದವನ್ನು ನುಂಗುವಂಥದ್ದು ಒಂದು ಟವೆಲ್ ಬಿಟ್ಟರೆ ಬೇರೇನೂ ಇಲ್ಲದಿರುವುದು.

ನುಂಗುವುದು ಎಂದಕೂಡಲೇ ಒಬ್ಬ ಮನುಷ್ಯನ ಕಥೆ ಹೇಳಲೇಬೇಕು. 1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಫಾಗ್ ಕಲಾ ಸಂಗ್ರಹಾಲಯದ ಹೊಸ ಉಪನ್ಯಾಸ ಕೊಠಡಿ ಸಿದ್ಧವಾಗಿತ್ತು. ನೋಡಲು ಚೆಂದ, ಆದರೆ ಒಳಗೆ ಮಾತು ತಿಳಿಯುತ್ತಿರಲಿಲ್ಲ. ಬಾಯಿಂದ ಹೊರಟ ಒಂದು ಅಕ್ಷರ ಐದೂವರೆ ಸೆಕೆಂಡು ಕೋಣೆಯಲ್ಲಿ ಸುತ್ತುತ್ತಿತ್ತು. ಸಾಧಾರಣವಾಗಿ ಮಾತಾಡುವವರು ಸೆಕೆಂಡಿಗೆ ನಾಲ್ಕೈದು ಅಕ್ಷರ ಆಡುತ್ತಾರೆ ಎಂದಿಟ್ಟುಕೊಂಡರೂ, ಒಂದರ ಮೇಲೊಂದು ಇಪ್ಪತ್ತಕ್ಕೂ ಹೆಚ್ಚು ಅಕ್ಷರಗಳ ರಾಶಿ. ಮಾತು ನಿಂತ ಮೇಲೂ ಉಳಿಯುವ ಈ ಬಾಲಕ್ಕೆ ಕನ್ನಡದಲ್ಲಿ ಅನುರಣನ ಎನ್ನುತ್ತಾರೆ. ಗಂಟೆ ಹೊಡೆದು ಕೈ ತೆಗೆದ ಮೇಲೆ ಉಳಿಯುವ ನಾದದ ಹಾಗೆ.

ಇದನ್ನು ಸರಿಪಡಿಸುವ ಕೆಲಸ ವ್ಯಾಲೇಸ್ ಸಬೀನ್ ಎಂಬ ತರುಣ ಭೌತವಿಜ್ಞಾನದ ಮೇಷ್ಟ್ರ ಪಾಲಿಗೆ ಬಂತು. ಅವನ ಬಳಿ ಇದ್ದುದು ಒಂದು ಆರ್ಗನ್ ಕೊಳವೆ, ಒಂದು ಕಾಲಮಾಪಕ, ಎರಡು ಕಿವಿ. ಹಗಲಿನ ಗದ್ದಲದಲ್ಲಿ ಅಳೆಯಲಾಗದು. ಹಾಗಾಗಿ ರಾತ್ರಿಯೆಲ್ಲ ಕೆಲಸ. ಹತ್ತಿರದ ಸ್ಯಾಂಡರ್ಸ್ ರಂಗಮಂದಿರದ ಆಸನಗಳ ಮೆತ್ತೆಗಳನ್ನು ಹೊತ್ತು ತಂದು, ಹಾಸಿ, ಕೊಳವೆ ನುಡಿಸಿ ನಿಲ್ಲಿಸಿ, ದನಿ ಅಡಗುವವರೆಗೆ ಎಣಿಸಿ, ಮತ್ತಷ್ಟು ಮೆತ್ತೆ ಹಾಸಿ ಮತ್ತೆ ಎಣಿಸಿದ. ಬೆಳಗಾಗುವುದರೊಳಗೆ ಅವೆಲ್ಲ ವಾಪಸು ರಂಗಮಂದಿರ ಸೇರಬೇಕು. ತಾನು ತೊಟ್ಟ ಬಟ್ಟೆ ಬದಲಾದರೂ ಲೆಕ್ಕ ಬದಲಾಗುತ್ತದೆ ಎಂದು ಕಂಡುಕೊಂಡ ಮೇಲೆ ಅಳತೆಗೆ ಕೂರುವಾಗ ಒಂದೇ ಉಡುಪು ತೊಡುತ್ತಿದ್ದ. ಈ ಸಂಗತಿ ಎಷ್ಟು ಸಲ ಹೇಳಿದರೂ ಸಾಲದು. ಕೋಣೆಯನ್ನು ಅಳೆಯಲು ಬಂದವನೂ ಕೋಣೆಯ ಒಂದು ಭಾಗವೇ ಆಗಿದ್ದ.

ಮೂರು ವರ್ಷ ಕಳೆಯುವ ಹೊತ್ತಿಗೆ ಸೂತ್ರ ಸಿಕ್ಕಿತು. ಕೋಣೆ ಎಷ್ಟು ದೊಡ್ಡದೋ ದನಿ ಅಷ್ಟು ಹೊತ್ತು ಉಳಿಯುತ್ತದೆ, ಒಳಗೆ ನುಂಗುವ ವಸ್ತು ಎಷ್ಟಿದೆಯೋ ಅಷ್ಟು ಬೇಗ ಅಡಗುತ್ತದೆ. ಆ ಲೆಕ್ಕದ ಮೇಲೆ ರೂಪುಗೊಂಡ ಬಾಸ್ಟನ್ ಸಿಂಫನಿ ಹಾಲ್ 1900ರ ಅಕ್ಟೋಬರ್ 15ರಂದು ತೆರೆಯಿತು. ಲೋಕದ ಅತ್ಯುತ್ತಮ ಸಂಗೀತ ಸಭಾಂಗಣಗಳಲ್ಲಿ ಒಂದೆಂದು ಇಂದಿಗೂ ಹೆಸರಾಗಿದೆ.

ನುಂಗುವುದನ್ನು ಅಳೆಯಲು ಸಬೀನ್ ಆರಿಸಿಕೊಂಡ ಮಾನ ಯಾವುದು ಗೊತ್ತೇ? ತೆರೆದ ಕಿಟಕಿ. ಒಂದು ಚದರ ಮೀಟರ್ ತೆರೆದ ಕಿಟಕಿಗೆ ಬಿದ್ದ ಶಬ್ದವೆಲ್ಲ ಹೊರಗೆ ಹೋಗುತ್ತದೆ, ಚೂರೂ ಹಿಂತಿರುಗುವುದಿಲ್ಲ. ಮಿಕ್ಕದ್ದನ್ನೆಲ್ಲ ಇದರ ಪಕ್ಕ ಇಟ್ಟು ಅಳೆಯುವುದು. ಗಾರೆ ಗೋಡೆ, ಟೈಲ್ಸು ನೆಲ, ಗಾಜು ತಮಗೆ ಬಡಿದ ಶಬ್ದದಲ್ಲಿ ನೂರಕ್ಕೆ ಎರಡು ಮೂರು ಪಾಲನ್ನಷ್ಟೇ ನುಂಗುತ್ತವೆ. ಹಾಸಿಗೆ, ಕೌದಿ, ದಪ್ಪ ಪರದೆಗಳು ಅದರ ಎಷ್ಟೋ ಪಟ್ಟು. ಬಟ್ಟೆ ತೊಟ್ಟ ಒಬ್ಬ ಮನುಷ್ಯ ಹೆಚ್ಚುಕಡಿಮೆ ಅರ್ಧ ಚದರ ಮೀಟರ್ ತೆರೆದ ಕಿಟಕಿಗೆ ಸಮ. ಗೃಹಪ್ರವೇಶದ ಹಿಂದಿನ ದಿನ ಖಾಲಿ ಮನೆಯಲ್ಲಿ ಕೂಗಿದರೆ ಗವಿಯಂತೆ ಕೇಳುವುದು, ಮರುದಿನ ನೆಂಟರು ತುಂಬಿದೊಡನೆ ಅದೇ ಮನೆ ಮೆತ್ತಗಾಗುವುದು, ಇವೆರಡಕ್ಕೂ ಇದೇ ಕಾರಣ. ಒಳಗೆ ಬಂದ ಒಬ್ಬೊಬ್ಬ ನೆಂಟನೂ ಒಂದು ಪುಟ್ಟ ಕಿಟಕಿ ತೆರೆದಂತೆ. ಮಗಳು ಮದುವೆಯಾಗಿ ಹೋದ ವಾರ, ಅಥವಾ ಹಿರಿಯರೊಬ್ಬರು ತೀರಿಕೊಂಡು ಅವರ ಮಂಚ ಹಾಸಿಗೆ ತೆಗೆದ ವಾರ, ಮನೆ ಬಣಗುಡುತ್ತದೆ ಎಂದು ಜನ ಹೇಳುತ್ತಾರೆ. ಅದು ದುಃಖದ ಮಾತು ಮಾತ್ರವಲ್ಲ. ಕಿವಿ ಅಳೆದ ಸತ್ಯವೂ ಹೌದು.

ಸಬೀನನ ಈ ಮಾನವನ್ನು ಹಿಡಿದುಕೊಂಡು ಕರ್ನಾಟಕದ ಹಳೆಯ ತೊಟ್ಟಿಮನೆಯೊಳಗೆ ನಿಂತರೆ ಒಂದು ಹೊಸ ಸಂಗತಿ ತೆರೆದುಕೊಳ್ಳುತ್ತದೆ. ಮನೆಯ ನಡುವೆ ಆಕಾಶಕ್ಕೆ ತೆರೆದ ತೊಟ್ಟಿ ಬೆಳಕಿಗೆ, ಗಾಳಿಗೆ, ಮಳೆನೀರಿಗೆ ಎಂದು ಎಲ್ಲರೂ ಬಲ್ಲರು. ಅದು ಸದ್ದಿಗೂ ಹೌದು. ಎಂಟಡಿ ಉದ್ದ ಎಂಟಡಿ ಅಗಲದ ತೊಟ್ಟಿ ಎಂದರೆ ಸುಮಾರು ಆರು ಚದರ ಮೀಟರ್ ತೆರೆದ ಕಿಟಕಿ. ಹನ್ನೆರಡು ಹದಿಮೂರು ಜನ ಸದಾ ಕೂತು ಕೇಳುತ್ತಿರುವಷ್ಟು ನುಂಗುವ ಶಕ್ತಿ ಅದಕ್ಕಿದೆ. ಕುಟ್ಟುವ ಸದ್ದು, ಮಕ್ಕಳ ಜಗಳ, ಹಬ್ಬದ ದಿನದ ಗದ್ದಲ ಎಲ್ಲ ಅಲ್ಲಿಂದ ಮೇಲಕ್ಕೆ ಹೋಗಿಬಿಡುತ್ತಿತ್ತು. ಜೊತೆಗೆ ಮಣ್ಣಿನ ಗೋಡೆ, ಅಟ್ಟದ ತುಂಬ ಅಡಕೆಯೋ ಭತ್ತವೋ, ಮೂಲೆಯಲ್ಲಿ ಗೋಣಿಚೀಲಗಳ ಒಟ್ಟು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಹರಡಿದ ಹೆಂಚಿನ ಮಾಡಿನಲ್ಲೂ ಸಂದುಗಳಿದ್ದವು. ಗಾಳಿ ನುಸುಳುವ ಆ ಸಂದುಗಳಲ್ಲಿ ದನಿಯೂ ನುಸುಳಿ ಹೋಗುತ್ತಿತ್ತು.

ಇವತ್ತಿನ ಮನೆಗೆ ಆರ್‌ಸಿಸಿ ತಾರಸಿ, ಪುಟ್ಟಿ ಬಳಿದ ನುಣುಪು ಗೋಡೆ, ವಿಟ್ರಿಫೈಡ್ ಟೈಲ್ಸು, ಬಿಗಿಯಾಗಿ ಮುಚ್ಚುವ ಗಾಜಿನ ಕಿಟಕಿ. ಗುಡಿಸಲು ಒರೆಸಲು ಸುಲಭ, ನೋಡಲು ಅಂದ. ಊರಿಂದ ಬಂದ ಅಜ್ಜಿ ಮಾತ್ರ ಎರಡನೆಯ ದಿನಕ್ಕೇ ಹೇಳುತ್ತಾಳೆ: "ಈ ಮನೇಲಿ ನೀವಾಡೋ ಮಾತೇ ತಿಳಿಯಲ್ಲ ಕಣಪ್ಪ." ಅಜ್ಜಿಗೆ ಕಿವಿ ಮಂದವಾಯಿತು ಎಂದು ಮನೆಯವರು ತೀರ್ಮಾನಿಸುತ್ತಾರೆ. ಅದು ಅರ್ಧ ನಿಜ ಇರಬಹುದು. ವಯಸ್ಸಾದಂತೆ ಮೊದಲು ಮಸುಕಾಗುವುದು ಮೇಲಿನ ಶ್ರುತಿಯ ಸದ್ದುಗಳು, ಎಂದರೆ ವ್ಯಂಜನಗಳನ್ನು ಒಂದರಿಂದೊಂದು ಬೇರ್ಪಡಿಸುವ ಸಣ್ಣ ಸದ್ದುಗಳು. ಸ್ವರಗಳಿಗೆ ಬಲ ಹೆಚ್ಚು. ಗೋಡೆಗಳು ಆ ಸ್ವರಗಳ ಬಾಲವನ್ನು ಎಳೆದೆಳೆದು ವ್ಯಂಜನಗಳ ಮೇಲೆ ಹೊದಿಸುತ್ತವೆ. ಆಗ ಕಾಳು, ತಾಳು, ಬಾಳು ಮೂರೂ ಒಂದೇ ಆಗುತ್ತವೆ. ಮೊಮ್ಮಗ ಗಟ್ಟಿಯಾಗಿ ಕೂಗುತ್ತಾನೆ. ಕೂಗಿದಷ್ಟೂ ಗೋಡೆಗಳೂ ಕೂಗುತ್ತವೆ. ಅಜ್ಜಿ ಮೆಲ್ಲಗೆ ಮಾತು ಬಿಟ್ಟು ಟಿವಿಯ ಮುಂದೆಯೋ ಕೋಣೆಯ ಮೂಲೆಯಲ್ಲೋ ಕೂರುತ್ತಾಳೆ. ಒಂದು ದಪ್ಪ ಜಮಖಾನ, ಗೋಡೆಗೆ ಒಂದು ಕೌದಿ, ಬಟ್ಟೆಯ ಪರದೆ, ಹತ್ತಿರ ಬಂದು ಎದುರು ಕೂತು ಆಡುವ ಮಾತು, ಇಷ್ಟರಲ್ಲಿ ಆಕೆಗೆ ಅರ್ಧ ಸಂಸಾರ ಮರಳಿ ಸಿಗುತ್ತದೆ. ಹುಬ್ಬಳ್ಳಿ ಧಾರವಾಡದ ಕಡೆ ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದ ಕೌದಿಗಳು ಪೆಟ್ಟಿಗೆಯಲ್ಲಿ ಮಡಿಸಿ ಕೂತಿರುತ್ತವೆ. ಅವು ಗೋಡೆಗೆ ಬಂದರೆ ನೋಡಲೂ ಚೆಂದ.

ಶಾಲೆಯ ಕೊಠಡಿಯದು ಇನ್ನೂ ಗಂಭೀರ. ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ ತರಗತಿಯಲ್ಲಿ ಹಿನ್ನೆಲೆಯ ಸದ್ದು 35 ಡೆಸಿಬಲ್ ಮೀರಬಾರದು, ಅನುರಣನ ಸುಮಾರು 0.6 ಸೆಕೆಂಡಿನಷ್ಟಿರಬೇಕು. ತಗಡಿನ ಮಾಡು, ಬರಿಯ ಗೋಡೆ, ಕಲ್ಲಿನ ನೆಲದ ತರಗತಿಯಲ್ಲಿ ಕೊನೆಯ ಬೆಂಚಿನ ಮಗುವಿಗೆ ಮೇಷ್ಟ್ರ ದನಿ ತಲುಪುತ್ತದೆ, ಮಾತು ತಲುಪುವುದಿಲ್ಲ. ಆ ಮಗು ದಡ್ಡ ಎನಿಸಿಕೊಳ್ಳುತ್ತದೆ. ವರ್ಷದಲ್ಲಿ ಒಂದು ದಿನವಾದರೂ ಉಪಾಧ್ಯಾಯರು ತಾವೇ ಕೊನೆಯ ಬೆಂಚಿನಲ್ಲಿ ಕೂತು, ಮುಂದೆ ಒಬ್ಬರನ್ನು ನಿಲ್ಲಿಸಿ, ಉಕ್ತಲೇಖನ ಬರೆದು ನೋಡಬೇಕು. ಇದಕ್ಕೆ ಯಾವ ಯಂತ್ರವೂ ಬೇಡ. ಮಕ್ಕಳು ಮಾಡಿದ ಬಟ್ಟೆಯ ಕೆಲಸ, ದಪ್ಪ ರಟ್ಟಿನ ಚಿತ್ರಫಲಕಗಳು ಹಿಂದಿನ ಗೋಡೆಯನ್ನು ತುಂಬಿದರೆ ಆದ ವ್ಯತ್ಯಾಸ ಅದೇ ಬೆಂಚಿನಲ್ಲಿ ಗೊತ್ತಾಗುತ್ತದೆ.

ಸದ್ದನ್ನು ನುಂಗಬೇಕು ಎಂದಷ್ಟೇ ಇದರ ಅರ್ಥವಲ್ಲ. ಗೋಡೆ ದನಿಯನ್ನು ಹಿಂದಿರುಗಿಸುವ ಸುಖಕ್ಕಾಗಿಯೇ ಜನ ದೂರದಿಂದ ಬರುವ ಜಾಗವೊಂದು ವಿಜಯಪುರದಲ್ಲಿದೆ. 1656ರಲ್ಲಿ ತೀರಿಕೊಂಡ ಮೊಹಮ್ಮದ್ ಆದಿಲ್‌ಶಾಹನ ಸಮಾಧಿಯ ಮೇಲಿನ ಗೋಲಗುಮ್ಮಟ. ನಾಲ್ಕು ಮೂಲೆಯ ಏಳಂತಸ್ತಿನ ಗೋಪುರಗಳಲ್ಲಿ ಒಂದರ ಇಕ್ಕಟ್ಟಾದ ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತಾ, ಗುಮ್ಮಟದ ಬುಡದ ಮೊಗಸಾಲೆಗೆ ಕಾಲಿಟ್ಟರೆ ಆ ಏದುಸಿರೇ ಎದುರಿನಿಂದ ಕೇಳಿಸುತ್ತದೆ. ಗುಮ್ಮಟದ ಒಳ ಅಡ್ಡಳತೆ ಸುಮಾರು 38 ಮೀಟರ್. ದನಿ ಒಮ್ಮೆ ಹೋಗಿ ಬರಲು ಸೆಕೆಂಡಿನ ಐದನೆಯ ಒಂದು ಪಾಲಿಗಿಂತ ತುಸು ಹೆಚ್ಚು ಬೇಕು. ಮಿದುಳು ಬೆರೆಸಿಬಿಡಲಾರದಷ್ಟು ತಡ. ಮನೆಯಲ್ಲಿ ಅಡಗಿರುವ ಕೋಣೆಯ ದನಿ ಇಲ್ಲಿ ಬಯಲಾಗಿ, ಒಂದು ಚಪ್ಪಾಳೆ ಸಾಲುಸಾಲಾಗಿ ಹಿಂತಿರುಗುತ್ತದೆ.

ಚಪ್ಪಾಳೆಗಿಂತ ಪಿಸುಮಾತು ಅಲ್ಲಿನ ನಿಜವಾದ ಬೆರಗು. ಗೋಡೆಗೆ ಮುಖವಿಟ್ಟು ಆಡಿದ ಗುಟ್ಟು ಆಚೆ ಬದಿಯ ಗೋಡೆಗೆ ಕಿವಿಯಿಟ್ಟವರಿಗೆ ಸ್ಪಷ್ಟ. ಲಂಡನ್ನಿನ ಸೇಂಟ್ ಪಾಲ್ ಚರ್ಚಿನ ಇಂಥದ್ದೇ ಮೊಗಸಾಲೆಯನ್ನು ಕುರಿತು ಭೌತವಿಜ್ಞಾನಿ ಲಾರ್ಡ್ ರ್ಯಾಲೆ ಕೊಟ್ಟ ವಿವರಣೆ ಹೀಗೆ: ಅಲೆಗಳು ನಡುವಿನ ಬಯಲಿಗೆ ಹರಡದೆ ಬಾಗಿದ ಗೋಡೆಯನ್ನೇ ತಬ್ಬಿ ಸಾಗುತ್ತವೆ. 1921ರಲ್ಲಿ ಇಂಗ್ಲೆಂಡಿಗೆ ಹೋದ ಸಿ.ವಿ. ರಾಮನ್ ಅದೇ ಚರ್ಚಿನೊಳಗೆ ಪ್ರಯೋಗ ನಡೆಸಿದರು. ಗೋಡೆಯಿಂದ ದೂರ ಸರಿದಂತೆ ಸದ್ದು ಒಂದೇ ಸಮನೆ ಕುಗ್ಗುವುದಿಲ್ಲ, ಒಂದು ಕಡೆ ಕುಗ್ಗಿ ಇನ್ನೊಂದು ಕಡೆ ಏರುತ್ತದೆ ಎಂಬುದನ್ನು ಅವರೂ ಅವರ ಸಂಗಡಿಗ ಸದರ್ಲೆಂಡರೂ ಗುರುತಿಸಿದರು. ಭಾರತಕ್ಕೆ ಮರಳಿದ ಮೇಲೆ ಇಲ್ಲಿನ ಇಂಥ ಕಟ್ಟಡಗಳನ್ನೂ, ಅವುಗಳಲ್ಲಿ ಗೋಲಗುಮ್ಮಟವನ್ನೂ ರಾಮನ್ ಅಭ್ಯಾಸ ಮಾಡಿದರು. ಬೆಳಕಿನ ಚದುರುವಿಕೆಗೆ ನೊಬೆಲ್ ಪಡೆಯುವುದಕ್ಕೆ ಎಷ್ಟೋ ಮೊದಲೇ ಅವರೊಬ್ಬ ಒಳ್ಳೆಯ ಕೇಳುಗರಾಗಿದ್ದರು. ಇವತ್ತು ಗುಮ್ಮಟಕ್ಕೆ ಹೋದವರಲ್ಲಿ ಬಹುಮಂದಿ ಕಿರುಚಿ ಇಳಿದು ಬರುತ್ತಾರೆ. ಪ್ರವಾಸಿಗಳ ಬಸ್ಸುಗಳು ಬರುವ ಮುಂಚೆ, ಬೆಳಗ್ಗೆ ಬೇಗ ಹೋಗಿ, ಹತ್ತು ನಿಮಿಷ ಸುಮ್ಮನೆ ಕೂತವರಿಗೆ ಪಾರಿವಾಳದ ರೆಕ್ಕೆಯ ಒಂದು ಬಡಿತ ಗುಮ್ಮಟವನ್ನೆಲ್ಲ ಸುತ್ತಿ ಬರುವುದು ಕೇಳಿಸುತ್ತದೆ.

ಇಷ್ಟು ದೊಡ್ಡ ಗುಮ್ಮಟ ಬೇಡ, ಒಂದು ಸಾಮಾನ್ಯ ಓಣಿಯಂಥ ನಡವೆಯೂ ಕಿವಿಗೆ ಎಷ್ಟು ಹೇಳುತ್ತದೆ ಎಂಬುದನ್ನು ತೋರಿಸಿಕೊಟ್ಟವರು ಅಂಧರು. ಎದುರಿಗೆ ಗೋಡೆ ಇದೆಯೆಂದು ಮುಟ್ಟುವ ಮೊದಲೇ ಅವರಿಗೆ ತಿಳಿಯುತ್ತದೆ. ಹೇಗೆ ಎಂದರೆ, ಮುಖದ ಚರ್ಮಕ್ಕೆ ಏನೋ ಒತ್ತಿದಂತಾಗುತ್ತದೆ ಎಂದು ಅವರಲ್ಲೇ ಹಲವರು ಹೇಳುತ್ತಿದ್ದರು. 1940ರ ದಶಕದಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ, ಸ್ವತಃ ಅಂಧರಾಗಿದ್ದ ಮೈಕೆಲ್ ಸೂಪ ತಮ್ಮ ಸಹಪಾಠಿ ಮಿಲ್ಟನ್ ಕಾಟ್ಜಿನ್ ಮತ್ತು ಪ್ರೊಫೆಸರ್ ಡಾಲನ್‌ಬ್ಯಾಕ್ ಜೊತೆಗೂಡಿ ಇದನ್ನು ಪರೀಕ್ಷಿಸಿದರು. ಇಬ್ಬರು ಅಂಧರು, ಕಣ್ಣಿಗೆ ಬಟ್ಟೆ ಕಟ್ಟಿದ ಇಬ್ಬರು ದೃಷ್ಟಿಯುಳ್ಳವರು ಒಂದು ಉದ್ದದ ಕೊಠಡಿಯಲ್ಲಿ ಫಲಕದ ಕಡೆಗೆ ನಡೆದರು. ಬೂಟು ತೊಟ್ಟು ಮರದ ನೆಲದ ಮೇಲೆ ನಡೆದಾಗ ದೂರದಿಂದಲೇ ಗುರುತಿಸಿದರು. ಕಾಲುಚೀಲದಲ್ಲಿ ರತ್ನಗಂಬಳಿಯ ಮೇಲೆ ನಡೆದಾಗ ಬಹಳ ಹತ್ತಿರ ಬರಬೇಕಾಯಿತು. ಮುಖ ಮುಚ್ಚಿ ಕಿವಿ ಬಿಟ್ಟಾಗ ಗುರುತು ಸಿಕ್ಕಿತು. ಕಿವಿ ಮುಚ್ಚಿ ಮುಖ ಬಿಟ್ಟಾಗ ಎಲ್ಲರೂ ಡಿಕ್ಕಿ ಹೊಡೆದರು. ಕೇಳಿದ್ದು ಕಿವಿ. ಗೌರವ ಸಂದದ್ದು ಚರ್ಮಕ್ಕೆ. ದೃಷ್ಟಿಯುಳ್ಳ ಇಬ್ಬರೂ ಸ್ವಲ್ಪ ಅಭ್ಯಾಸದಿಂದ ಇದನ್ನು ಕಲಿತರು. ಮನೆಯ ನಡವೆಯಲ್ಲಿ ಕಣ್ಣು ಮುಚ್ಚಿ, ಒಂದು ಕೈ ಮುಂದೆ ಚಾಚಿ, ನಾಲಿಗೆಯಿಂದ ಲೊಚಗುಟ್ಟುತ್ತಾ ನಿಧಾನ ನಡೆದರೆ ಯಾರಿಗಾದರೂ ನಾಲ್ಕಾರು ದಿನದಲ್ಲಿ ತೆರೆದ ಬಾಗಿಲಿಗೂ ಮುಚ್ಚಿದ ಬಾಗಿಲಿಗೂ ಇರುವ ವ್ಯತ್ಯಾಸ ಕೇಳತೊಡಗುತ್ತದೆ.

ಕಾರ್ನೆಲ್‌ನ ಪ್ರಯೋಗಗಳ ಸಾಲಿನಲ್ಲಿ ಕೊನೆಯದು ಬಾನುಲಿಗೆ ತೀರ ಹತ್ತಿರದ್ದು. ಪರೀಕ್ಷೆಗೊಳಗಾದವರು ಸದ್ದು ಬಾರದ ಬೇರೊಂದು ಕೋಣೆಯಲ್ಲಿ ಕೂತರು. ಪ್ರಯೋಗ ನಡೆಸುವವರೊಬ್ಬರು ಮೈಕ್ ಹಿಡಿದು ಫಲಕದತ್ತ ನಡೆದರು. ಕೂತವರ ಕಿವಿಗೆ ತಂತಿಯ ಮೂಲಕ ಬಂದದ್ದು ಆ ಹೆಜ್ಜೆಗಳ ಸದ್ದು ಮಾತ್ರ. ಅಷ್ಟರಿಂದಲೇ, ತಾವಿಲ್ಲದ ಕೊಠಡಿಯಲ್ಲಿ, ತಮ್ಮದಲ್ಲದ ಕಾಲುಗಳು ಫಲಕವನ್ನು ಸಮೀಪಿಸುತ್ತಿರುವುದನ್ನು ಅವರು ಹೇಳಿದರು.

ಬಾನುಲಿಯೂ ಹೀಗೆಯೇ ಒಂದು ಕೋಣೆಯ ಸದ್ದನ್ನು ಇನ್ನೊಂದು ಕೋಣೆಗೆ ಮುಟ್ಟಿಸುತ್ತದೆ. ಮೈಸೂರಿನಲ್ಲಿ 1935ರ ಸೆಪ್ಟೆಂಬರ್ 10ರಂದು 30 ವಾಟ್‌ನ ಪುಟ್ಟ ಪ್ರೇಷಕವಿಟ್ಟುಕೊಂಡು ತಮ್ಮ ಮನೆಯಿಂದಲೇ ಬಾನುಲಿ ಆರಂಭಿಸಿದ ಎಂ.ವಿ. ಗೋಪಾಲಸ್ವಾಮಿಯವರು ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಮುಂದೆ ಇಡೀ ದೇಶದ ರೇಡಿಯೊಗೆ ಸಂದ ಆಕಾಶವಾಣಿ ಎಂಬ ಹೆಸರು ಮೊದಲು ಅಂಟಿದ್ದು ಆ ಮನೆಯ ಬಾನುಲಿಗೆ. ಕನ್ನಡ ಬಾನುಲಿ ಹೀಗೆ ಒಂದು ಮನೆಯ ಕೋಣೆಯಲ್ಲಿ ಹುಟ್ಟಿ ಸಾವಿರಾರು ಕೋಣೆಗಳಿಗೆ ಹೋಯಿತು. ಆಮೇಲೆ ಬಂದ ಸ್ಟುಡಿಯೊಗಳಿಗೆ ಜೋಡಿ ಬಾಗಿಲು, ತೂತು ತೂತಿನ ಹಲಗೆಯ ಗೋಡೆ, ಅದರ ಹಿಂದೆ ಸದ್ದು ನುಂಗುವ ಹತ್ತಿಯಂಥ ಪದರ. ಮೊದಲ ಸಲ ಅಲ್ಲಿ ಕೂತವರಿಗೆ ತಮ್ಮ ದನಿ ಬಾಯಿಂದಾಚೆ ಬಂದು ಬಿದ್ದುಹೋದಂತೆ ಅನಿಸಿ ಗಾಬರಿಯಾಗುತ್ತದೆ. ಅಲ್ಲಿಂದ ಹೊರಟ ಮಾತಿಗೆ ಕೋಣೆಯೇ ಇರುವುದಿಲ್ಲ. ಅದಕ್ಕೆ ಕೋಣೆ ಸಿಗುವುದು ಕೇಳುಗರ ಮನೆಯಲ್ಲಿ: ಒಂದು ಕಡೆ ಪಾತ್ರೆಗಳ ನಡುವೆ ಕಣಕಣ ಎನ್ನುತ್ತಾ, ಇನ್ನೊಂದು ಕಡೆ ಹಾಸಿಗೆ ಹೊದಿಕೆಗಳ ನಡುವೆ ಮೆತ್ತಗೆ.

ಬಾನುಲಿ ನಾಟಕದವರು ಈ ಗುಟ್ಟನ್ನು ಚೆನ್ನಾಗಿ ಬಲ್ಲರು. ನಾಟಕದ ಸ್ಟುಡಿಯೊದಲ್ಲಿ ಒಂದು ಬದಿಯ ಗೋಡೆಗಳು ಸದ್ದನ್ನು ನುಂಗುತ್ತವೆ, ಇನ್ನೊಂದು ಬದಿಯವು ಹಿಂದಿರುಗಿಸುತ್ತವೆ. ರಾಜನ ಪಾತ್ರಧಾರಿ ನುಂಗುವ ಮೂಲೆಯಲ್ಲಿ ನಿಂತು ಮಂತ್ರಿಯ ಕಿವಿಯಲ್ಲಿ ಗುಟ್ಟು ಹೇಳುತ್ತಾನೆ. ಆಮೇಲೆ ಕೈಯಲ್ಲಿ ಹಾಳೆ ಹಿಡಿದು, ಚಪ್ಪಲಿ ಕಳಚಿಟ್ಟು, ನಾಲ್ಕು ಹೆಜ್ಜೆ ಆಚೆ ಬದಿಗೆ ನಡೆದು ಮೈಕಿನಿಂದ ತುಸು ದೂರ ನಿಲ್ಲುತ್ತಾನೆ. ಅವನು "ಯಾರಲ್ಲಿ" ಎಂದು ಕೂಗಿದೊಡನೆ, ಎಲ್ಲೋ ಒಂದು ಹಳ್ಳಿಯ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಾಕೆ ಕೈ ನಿಲ್ಲಿಸುತ್ತಾಳೆ. ಅವಳ ಸುತ್ತ ಕಲ್ಲಿನ ಕಂಬಗಳ ಒಂದು ದೊಡ್ಡ ಸಭಾಮಂಟಪ ಎದ್ದು ನಿಂತಿರುತ್ತದೆ.